ಕುಲುಮೆಗೆ ಮೊದಲು ಬಂದ ಯಂತ್ರ

ಬೊಮ್ಮಿ ಒಗೆದ ಕತ್ತಿ ದೇವಿದಾಸ ಆಚಾರಿಯ ಕಬ್ಬಿಣ ಬಡಿಯುವ ಅಡಿಗಲ್ಲಿನ ಮೇಲೆ ಬಿದ್ದ ಸದ್ದಿಗೆ, ಕೇಣಿಯ ಕಡಲಲ್ಲಿ ಎರಡು ತೆರೆಗಳು ದಡಕ್ಕೆ ಬರುವುದೋ ಬೇಡವೋ ಎಂದು ಅರೆಗಳಿಗೆ ನಿಂತು ಯೋಚಿಸಿದವು. ಅಂಕೋಲೆಯಿಂದ ಕಾರವಾರದವರೆಗಿನ ಮೀನುಪೇಟೆಗಳಲ್ಲಿ ಬೊಮ್ಮಿಯ ಕೈಗೆ ಸಿಕ್ಕ ಇಸ್ವಾಣ ಮೀನು, ತನಗೆ ಕತ್ತಿ ತಾಗಿದ್ದು ಗೊತ್ತಾಗುವ ಮೊದಲೇ ಹನ್ನೆರಡು ತುಂಡಾಗಿರುತ್ತಿತ್ತು. ಅಂಥವಳ ಕತ್ತಿಯ ಬಾಯಿ ಈಗ ಇಲಿ ಕಡಿದ ರೊಟ್ಟಿಯಂತೆ ಮುಕ್ಕುಮುಕ್ಕಾಗಿತ್ತು.

"ಮಳೆಗಾಲ ಮುಗ್ದಮೇಲೆ ಇದು ಮೂರನೇದು ಆಚಾರಿ. ನಾಡಿದ್ದು ಕಾರವಾರದ ಆಯ್ತವಾರ ಸಂತೆ. ಅಷ್ಟರೊಳಗೆ ಇದು ನೆಟ್ಟಗಾಗ್ಲಿಲ್ಲ ಅಂದ್ರೆ ನಾವು ಹೆಂಗಸ್ರೆಲ್ಲಾ ಪ್ಲಾಸ್ಟಿಕ್ ಹಿಡಿಕೆಯ ಅಂಗಡಿ ಕತ್ತಿ ತಕಳ್ಳೂದೇ ಸೈ. ನೀನು ಕುಲುಮೆಲಿ ಶೇಂಗಾ ಹುರ್ಕಂಡು ಕೂತ್ಕ."

ಬೊಮ್ಮಿ ಹೋದರೆ ನಲವತ್ತು ಹೆಂಗಸರು ಹೋಗುತ್ತಾರೆ. ನಲವತ್ತು ಹೆಂಗಸರು ಹೋದರೆ ಕುಲುಮೆಯ ಬಾಗಿಲು ಹಾಕಬೇಕು. ಆದರೆ ದೇವಿದಾಸ ಹೆದರುವವನೇ? ಅವನ ಒಂದು ಪೆಟ್ಟಿಗೆ ಲಾರಿಯ ಸ್ಪ್ರಿಂಗ್ ಪಟ್ಟಿ ತಾನಾಗಿಯೇ ಕತ್ತಿಯ ಆಕಾರಕ್ಕೆ ಬರುತ್ತಿತ್ತು. ಎರಡನೆಯ ಪೆಟ್ಟು ಬರೀ ಮರ್ಯಾದೆಗೆ.

"ಯಂತ್ರ ತರ್ತೆ ಬೊಮ್ಮಕ್ಕಾ," ಎಂದ. "ಕರೆಂಟಿನ ಸುತ್ತಿಗೆ. ಮಿನಿಟಿಗೆ ಇನ್ನೂರು ಪೆಟ್ಟು. ಅದು ಬಂತಂದ್ರೆ ಕತ್ತಿಗೆ ಮುಕ್ಕಾಗೂಕೆ ಪುರ್ಸೊತ್ತೇ ಸಿಗೂದಿಲ್ಲ."

"ಸುತ್ತಿಗೆ ಅಲ್ಲ," ಸಾಣೆಕಲ್ಲಿನ ಹಿಂದಿನಿಂದ ಅವನ ಹೆಂಡತಿ ಮನಿಷಾ ತಲೆ ಎತ್ತಿದಳು. "ಮೊದ್ಲು ಬೆಲ್ಟಿನ ಸಾಣೆ ಯಂತ್ರ. ಬಡ್ದು ಬಿಸಾಡೂಕೆ ನೀವು, ಉಜ್ಜೂಕೆ ನನ್ನ ರಟ್ಟೆ!"

"ಎರಡ್ರಲ್ಲಿ ಒಂದೇ ತರೂಕೆ ಆಗೂದು ಮಾರಾಯ್ತಿ!"

"ಹೌದು, ಅದೇ ಸಾಣೆ!"

ಚೌತಿ ಹಬ್ಬಕ್ಕೆ ಶುರುವಾದ ಈ ಜಗಳ ಕುಲುಮೆ ಇರುವ ಬೆಳಂಬಾರದ ತೆಂಗಿನಮರಗಳಿಗೂ ಬಾಯಿಪಾಠವಾಗಿತ್ತು. ಬೊಮ್ಮಿ ಮಾತ್ರ ಬಾಗಿಲಿಗೆ ಅಡ್ಡವಾಗಿ ಕೂತುಬಿಟ್ಟಳು. "ನನ್ನ ಕಣ್ಣೆದುರಿಗೇ ಮಾಡು. ಎಲ್ಲಿ ಕೆಡ್ತದೆ ಅಂತ ನಾನೇ ನೋಡ್ತೆ. ಅಲ್ಲೀವರೆಗೆ ಏಳೂದಿಲ್ಲ."

ಮನಿಷಾ ಮುಕ್ಕು ಉಜ್ಜಿ ತೆಗೆದಳು. ದೇವಿದಾಸ ಕತ್ತಿಯನ್ನು ಬೆಂಕಿಗಿಟ್ಟ. ಈ ಸಲ ಮಳೆ ನಿಂತದ್ದೇ ತಡ ಅವನು ಕುಲುಮೆಯ ಹಳೆ ಹೆಂಚು ತೆಗೆಸಿ ಬೆಳಕು ಬೀಳುವ ಫೈಬರ್ ಶೀಟು ಹೊದೆಸಿದ್ದ. ಒಳಗೆ ಎಷ್ಟು ಬೆಳಕೆಂದರೆ ಇರುವೆಗಳಿಗೂ ಎರಡೆರಡು ನೆರಳು. ಕತ್ತಿಯನ್ನು ಹೊರಗೆಳೆದು ಕಣ್ಣು ಕಿರಿದು ಮಾಡಿ ನೋಡಿದ. ಹುಬ್ಬಿಗೆ ಅಂಗೈ ಅಡ್ಡ ಹಿಡಿದು ಇನ್ನೊಮ್ಮೆ ನೋಡಿದ. "ಕೆಂಪು ಸಾಕಾಗ್ಲಿಲ್ಲ," ಎಂದು ಮತ್ತೆ ಒಳಗಿಟ್ಟ.

"ಅದೆಂತಾ, ಹುಬ್ಬಿಗೆ ಕೈ?"

"ಬಣ್ಣ ಕಾಣೂಕೆ. ಕೆಂಪು ಸರೀ ಬಂದಾಗ್ಲೇ ಎಣ್ಣೆಗೆ ಅದ್ದಬೇಕು. ಬಿಸಿ ಹೆಚ್ಚಾಯ್ತು ಅಂದ್ರೆ ಕಬ್ಬಿಣ ಅಲ್ಲ ಅದು, ಬಿಸ್ಕೀಟು."

ಬೊಮ್ಮಿ ಎದ್ದಳು. "ನಮ್ಮನೆಯವ್ರು ಅಮಾಸೆ ಹೊತ್ತಿಗೆ ಮೀನಿಗೆ ಹೋದ್ರೆ ಮೊದ್ಲು ದೋಣಿ ದೀಪ ಆರಿಸ್ತ್ರು. ಕತ್ಲೆ ಇದ್ರೇ ನೀರೊಳಗೆ ಮೀನಿನ ಹಿಂಡು ಹೊಳೆಯೂದು ಕಾಣ್ತದೆ. ದೀಪ ಹಚ್ಕಂಡು ನೋಡಿದ್ರೆ ಮಣ್ಣು ಕಾಣ್ತದೆ! ಮನಿಷಾ, ಆ ತಾಡಪತ್ರಿ ಹಿಡಿ."

ಇದ್ದಿಲ ಚೀಲಕ್ಕೆ ಹೊದೆಸಿದ್ದ ತಾಡಪತ್ರಿಯನ್ನು ಇಬ್ಬರೂ ಸೇರಿ ದೇವಿದಾಸನ ತಲೆಯ ಮೇಲೆ ಚಪ್ಪರದಂತೆ ಎತ್ತಿ ಹಿಡಿದರು. ಅವನು ಆ ಕತ್ತಲೆಯಲ್ಲಿ ಕತ್ತಿಯನ್ನು ಹೊರತೆಗೆದ. ಇನ್ನೂ ಕೆಂಪಾಗಿಲ್ಲ ಎಂದುಕೊಂಡಿದ್ದ ಕತ್ತಿ ಕೆಂಪನ್ನು ಎಂದೋ ದಾಟಿ, ಕಿತ್ತಳೆಯನ್ನೂ ದಾಟಿ, ಹಳದಿಗೆ ತಿರುಗಿ ಉರಿಯುತ್ತಿತ್ತು. ಮೂರು ತಾಲೂಕಿನಲ್ಲಿ ಮಾತಿಗೆ ಸೋತು ಗೊತ್ತಿಲ್ಲದ ಆಚಾರಿ, ತಲೆಯೆತ್ತಿ ತಾಡಪತ್ರಿಯ ಅಂಚಿನಾಚೆ ಹೊಳೆಯುವ ಶೀಟನ್ನೊಮ್ಮೆ, ಕೈಯಲ್ಲಿದ್ದ ಕತ್ತಿಯನ್ನೊಮ್ಮೆ ನೋಡಿದ.

"ಬೊಮ್ಮಕ್ಕಾ, ಕೈ ನೋಯ್ತದಾ?"

"ಹತ್ತು ವರ್ಷ ಹೀಗೇ ಹಿಡಿತೆ. ನೀನು ಮಾಡು."

ಹೆಚ್ಚಾದ ಬಿಸಿಯ ಕೇಡು ಹೋಗಲೆಂದು ಮೂರು ಸಲ ಕಾಸಿ ಮೂರು ಸಲ ಆರಲು ಬಿಟ್ಟ. ನಾಲ್ಕನೆಯ ಸಲ ಕತ್ತಿ ಹಣ್ಣಾದ ಮುರುಗಲಕಾಯಿಯ ಕಡುಗೆಂಪು ಬಣ್ಣಕ್ಕೆ ಬಂದದ್ದನ್ನು ಕಣ್ಣಾರೆ ಕಂಡು ಎಣ್ಣೆಗೆ ಅದ್ದಿದ.

ಆಯ್ತವಾರ ಅದೇ ಕತ್ತಿ ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಅರಬ್ಬೀ ಸಮುದ್ರದ ಅರ್ಧ ಮೀನು ಕಡಿಯಿತು. ಉಳಿದರ್ಧ ಹೆದರಿ ಗೋವೆಯ ಕಡೆ ಓಡಿತು. ಕತ್ತಿಯ ಬಾಯಿಗೆ ಒಂದು ಗೀರಿಲ್ಲ. ಸಂಜೆ ಬೊಮ್ಮಿ ಕುಲುಮೆಯ ಮುಂದೆ ನಿಂತು, ನಲವತ್ತು ಕತ್ತಿ ಬೇಕು, ಎಲ್ಲವೂ ಇಂಥದ್ದೇ ಆಗಬೇಕು ಎಂದು ಹೇಳಿ ಹೋದಳು.

ಸೋಮವಾರ ಆಚಾರಿಯ ಕುಲುಮೆಗೆ ಯಂತ್ರ ಬರುತ್ತದೆಂಬ ಸುದ್ದಿ ಕೇಳಿ ರಸ್ತೆಯ ತುಂಬ ಜನ ಸೇರಿದರು. ಬಂದದ್ದು ಮನಿಷಾಳ ಸ್ಕೂಟಿ. ಅದರಲ್ಲಿ ದೋಣಿಗೆ ಬಳಿಯುವ ಕಪ್ಪು ಬಣ್ಣದ ದೊಡ್ಡ ಡಬ್ಬಿ, ಒಂದು ಬ್ರಷ್ಷು. ಮನಿಷಾ ಏಣಿ ಹಿಡಿದಳು. ದೇವಿದಾಸ ಸೊಂಟಕ್ಕೆ ಟವೆಲ್ ಬಿಗಿದು ಮೇಲೆ ಹತ್ತಿ, ಫಳಫಳ ಹೊಳೆಯುವ ಶೀಟಿನ ಮೇಲೆ ಈ ತುದಿಯಿಂದ ಆ ತುದಿಗೆ ಕಪ್ಪು ಎಳೆಯತೊಡಗಿದ.

"ಎಂತಾ ಆಚಾರಿ, ಹೊಸ ಮಾಡಿಗೆ ಮಸಿ ಬಳಿಯೂದಾ?" ಕೆಳಗಿನಿಂದ ಹಾರವಾಡದ ಜಟ್ಟಿ ಕೂಗಿದ. "ಯಂತ್ರ ಎಲ್ಲಿ?"

ದೇವಿದಾಸ ತಿರುಗಿ ನೋಡಲಿಲ್ಲ.

"ಕಣ್ಣು ಕಾಣೂದಿಲ್ವಾ ಮಾರಾಯಾ? ಅದ್ನೇ ಕೂಡ್ರಿಸ್ತಾ ಇದ್ದೆ."