ಆಧಾರವಿಲ್ಲದ ಸಾಲು

ನಾಟಕ ಕಂಪನಿಯಲ್ಲಿ ಜೋಡಿಯಾಗಿ ನಗಿಸಿದವರಲ್ಲಿ ಒಬ್ಬ ಹೆಸರಾಂತ ಹಾಸ್ಯನಟನಾದ. ಇನ್ನೊಬ್ಬ, ಪುಟ್ಟಲಿಂಗಯ್ಯ, ಅಂತರಜಾಲದ ವಿಶ್ವಕೋಶದಲ್ಲಿ ‘ಸತ್ಯಶೋಧಕ’ ಎಂಬ ಗುಪ್ತನಾಮದ ಸಂಪಾದಕನಾದ. ಅವನ ನಿಜವಾದ ಹೆಸರು ಅಲ್ಲಿ ಯಾರಿಗೂ ಗೊತ್ತಿರಲಿಲ್ಲ. ಹಳೆಯ ಜೊತೆಗಾರನ ಪುಟ ಕಂಡರೆ ಸಾಕು, ಅವನಿಗೆ ಹೊಟ್ಟೆಯುರಿ.

“‘ನಗೆಯ ದೊರೆ’ಯಂತೆ! ಇದಕ್ಕೆ ಪತ್ರಿಕೆಯ ಆಧಾರ ಇದೆಯೇನಮ್ಮ?” ಎಂದು ಫೋನಿನಲ್ಲಿ ಸಹಸಂಪಾದಕಿಯನ್ನು ಕೇಳಿದ.

“ಇಲ್ಲ ಸಾರ್.”

“ತೆಗ್ದಾಕು. ಆಧಾರ ಇಲ್ದಿರೋದು ಒಂದು ಸಾಲೂ ಉಳೀಬಾರ್ದು.”

ಪುಟ ಬೋಳಾಗುತ್ತ ಬಂದಂತೆ ಅವನ ಉರಿಯೂ ತಣಿಯಿತು.

“ಕೊನೇದೊಂದಿದೆ ಸಾರ್. ನಿನ್ನೆ ಅವರೇ ಬಂದು ಸೇರಿಸಿದ್ದಾರೆ.”

“ತನ್ನ ಪುಟ ತಾನೇ ಬರ್ಕೊಂಡ್ನಾ? ಮೊದ್ಲು ಅದನ್ನ ತೆಗಿ!”

“ತೆಗೆದೆ ಸಾರ್. ‘ನಗಿಸೋದು ಕಲಿಸಿದ ಗುರು ಪುಟ್ಟಲಿಂಗಯ್ಯ’ ಅಂತ ಬರೆದಿದ್ರು, ಪಾಪ. ಯಾರು ಸಾರ್ ಅವರು?”