ಬಾಗಿಲ ಮರದ ತಗ್ಗು

ಮುರಳಿಮೋಹನ್ ಕಾರಿನ ಹಿಂಬಾಗಿಲ ಮರದ ಮೇಲೆ ಕಬ್ಬಿಣದ ಪಟ್ಟಿ ಇಟ್ಟು, ಬಗ್ಗಿ ನೋಡಿದ. ಪಟ್ಟಿಯ ಕೆಳಗೆ ಒಂದು ಕಡೆ ಬೆಳಕು ಹಾಯುತ್ತಿತ್ತು.

"ತಾತ, ಇಲ್ಲಿ ತಗ್ಗಿದೆ ನೋಡಿ."

"ಗೊತ್ತು. ಬೇಕೂಂತ್ಲೇ ಬಿಟ್ಟೆ," ಎಂದ ಕದಿರಪ್ಪ.

ಎಂಬತ್ತೈದು ವರ್ಷದ ಕಾರದು. ಹೊರಗೆ ತಗಡು, ಒಳಗೆಲ್ಲ ಮರದ ಚೌಕಟ್ಟು. ಮುರಳಿಗೆ ಮಾಲೂರಿನಲ್ಲಿ ಶೆಡ್ಡು. ಹಳೇ ಕಾರುಗಳನ್ನು ರಿಪೇರಿ ಮಾಡಿ ಮದುವೆಗಳಿಗೆ ಬಾಡಿಗೆಗೆ ಬಿಡುತ್ತಾನೆ. ಇದರ ತಗಡು ಬಿಚ್ಚಿದಾಗ ಒಳಗೆ ಗಟ್ಟಿಮುಟ್ಟಾಗಿದ್ದದ್ದು ಗೆದ್ದಲು ಮಾತ್ರ. ಶ್ರೀನಿವಾಸಪುರದಲ್ಲಿ ಗಾಡಿ ಮಾಡುತ್ತಿದ್ದ ಈ ಮುದುಕನ ಅಂಗಳಕ್ಕೆ ತಂದು, ತೇಗ ಹಾಕೋಣ ಎಂದಿದ್ದ. "ತೇಗ ಚೆಂದಕ್ಕೆ. ಕುಲುಕಾಟ ತಡೆಯೋಕೆ ಕರಿಜಾಲೀನೇ ಆಗ್ಬೇಕು. ಅದೂ ಹಸಿ ಮರ ಹಾಕಿದ್ರೆ ತಿರುಚ್ಕೊಂಡು ನಿನ್ನ ತಗಡನ್ನೇ ಸೀಳುತ್ತೆ," ಎಂದಿದ್ದ ಕದಿರಪ್ಪ, ಹಿತ್ತಲಲ್ಲಿ ನಿಂತಿದ್ದ ತನ್ನದೇ ಎತ್ತಿನ ಗಾಡಿಯನ್ನು ಬಿಚ್ಚಿ, ಅದರ ಒಣಗಿದ ಮರವನ್ನೇ ಕಾರಿಗೆ ಹಾಕಿದ. ತನ್ನ ಮದುವೆಗೆ ಮುಂಚೆ ಕೈಯಾರೆ ಮಾಡಿದ ಗಾಡಿ. ಅದನ್ನು ಬಿಚ್ಚಿದ ದಿನ ಅವನಿಗೆ ಮುದ್ದೆ ಸೇರಲಿಲ್ಲ.

"ಮಿಕ್ಕಿದ್ದೆಲ್ಲ ತಗಡಲ್ಲಿ ಮುಚ್ಚೋಗುತ್ತೆ ತಾತ, ಕಣ್ಣಿಗೆ ಕಾಣೋ ಮರ ಇದೊಂದೇ. ಭಾನುವಾರ ಮದುವೆ ಹೆಣ್ಣು ಇದರ ಮೇಲೇ ಕೈಯಿಟ್ಟು ಕೂರ್ತಾಳೆ. ಕೀಸಿಬಿಡಿ."

"ಕೀಸಲ್ಲ. ಅದು ನಮ್ಮವಳ ಕೈ ಗುರುತು. ದೇವರಾಯಸಮುದ್ರ ಅವಳ ತವರು. ಇಪ್ಪತ್ತು ವರ್ಷ ಆ ಗಾಡೀಲಿ ಇದೇ ಮರ ಹಿಡ್ಕೊಂಡು ಅಲ್ಲಿಗೆ ಓಡಾಡಿದ್ದಾಳೆ. ಗಾಡಿ ಅಂತೂ ಹೋಯ್ತು, ಇದಾದ್ರೂ ಇರ್ಲಿ. ಆಗಲ್ಲ ಅಂದ್ರೆ ಬೇರೆ ಬಡಗೀನ ನೋಡ್ಕೋ!"

ಮುರಳಿ ತಲೆ ಮೇಲೆ ಕೈ ಹೊತ್ತು ಕೂತ. ಭಾನುವಾರಕ್ಕೆ ನಾಲ್ಕೇ ದಿನ. ಅಷ್ಟರಲ್ಲಿ ಕದಿರಪ್ಪನ ಹೆಂಡತಿ ದೊಡ್ಡಗಂಗಮ್ಮ ಕಾಫಿ ತಂದಳು. ಮಾತೆಲ್ಲ ಅವಳ ಕಿವಿಗೆ ಬಿದ್ದಿತ್ತು. ಲೋಟ ಕೊಟ್ಟು, ಆ ಮರದ ಮೇಲೆ ಕೈಯಿಟ್ಟಳು. ನಾಲ್ಕೂ ಬೆರಳು ತಗ್ಗಿನಲ್ಲಿ ಸರಿಯಾಗಿ ಕೂತವು. ಕದಿರಪ್ಪನ ಮುಖ ಅರಳಿತು.

"ಕೀಸಾಕು," ಎಂದಳು.

"ಏಮೇ, ನಿನ್ನ ಕೈ ಗುರುತು ಕಣೇ!"

"ನಂದೇ. ತವರಿಗೆ ಹೋಗೋವಾಗ ಒಂದಿನಾನೂ ಹಿಡ್ಕೊಂಡಿಲ್ಲ. ವಾಪಸ್ ಬರೋವಾಗ ಹಿಡ್ಕೋತಿದ್ದೆ. ನಮ್ಮೂರ ಕೆರೆ ಏರಿ ಮರೆಯಾದ್ರೂ ಅಳು ನಿಲ್ತಿರ್ಲಿಲ್ಲ. ನಿನಗೆಲ್ಲಿ ಗೊತ್ತು? ನೀನು ಎತ್ತಿನ ಬಾಲ ನೋಡ್ಕೊಂಡು ಕೂತಿರ್ತಿದ್ದೆ."

ಕುಲುಕಾಟಕ್ಕೆ ಹೆದರಿ ಹಿಡಿದುಕೊಳ್ಳುತ್ತಾಳೆ ಎಂದೇ ಕದಿರಪ್ಪ ಇಷ್ಟು ವರ್ಷ ತಿಳಿದಿದ್ದ. ಅದಕ್ಕೇ ಪ್ರತಿ ಸಲವೂ ಗಾಡಿಗೆ ಇನ್ನೊಂದು ಹೊರೆ ಹುಲ್ಲು ಜಾಸ್ತಿ ಹಾಸುತ್ತಿದ್ದ. ಉಜ್ಜುಗೊರಡು ಎತ್ತಿಕೊಂಡು ಆ ತಗ್ಗಿನ ಮೇಲೆ ತಳ್ಳತೊಡಗಿದ. ಕೈಯೆಣ್ಣೆ ಕುಡಿದು ಕಪ್ಪಾಗಿದ್ದ ಪದರ ಸುರುಳಿ ಸುರುಳಿಯಾಗಿ ಉದುರಿ, ಅಡಿಯಿಂದ ಕೆಂಪು ಮರ ಎದ್ದಿತು.

ಮುರಳಿಗೇ ತಡೆಯಲಾಗಲಿಲ್ಲ. "ಅಜ್ಜಿ, ಇರ್ಲಿ ಬಿಡಿ. ಯಾರೂ ಅಷ್ಟು ನೋಡಲ್ಲ."

"ಬೇಡಪ್ಪ," ಎಂದಳು ದೊಡ್ಡಗಂಗಮ್ಮ, ಉದುರಿದ ಸುರುಳಿಗಳನ್ನು ಒಲೆಗೆಂದು ಸೆರಗಿಗೆ ತುಂಬಿಕೊಳ್ಳುತ್ತ. "ಭಾನುವಾರ ಕೂರೋ ಮಗು ಕೈ ನನ್ನ ಅಳುವಿನ ಮೇಲೆ ಯಾಕೆ ಬೀಳ್ಬೇಕು? ಅಳೋದೇ ಇದ್ರೆ, ಅವಳ ತಗ್ಗು ಅವಳೇ ಮಾಡ್ಕೊಳ್ಲಿ."