ಮುಂದಿನ ಸಾಲಿನವರು

"ಆ ಊರಿಗೆ ಹೋದವರು ಒಬ್ಬರಾದ್ರೂ ವಾಪಸ್ ಬಂದಿದಾರಾ, ಹೇಳಿ," ಎನ್ನುತ್ತಲೇ ಹೆಂಡತಿ ಬಿಳಿ ನಿಲುವಂಗಿಯ ಮೇಲೆ ಇಸ್ತ್ರಿಪೆಟ್ಟಿಗೆ ಒತ್ತಿದಳು. ಊಟದ ಮೇಜಿಗೆ ಹಳೆಯ ಹೊದಿಕೆ ಹಾಸಿ, ಅದರ ಮೇಲೆ ನಿಲುವಂಗಿ ಹರಡಿಕೊಂಡಿದ್ದಳು. ಗಂಡನ ಮೇಲಿನ ಸಿಟ್ಟನ್ನೆಲ್ಲ ಕಾಲರಿನ ಮೇಲೆ ತೀರಿಸಿಕೊಳ್ಳುತ್ತಿದ್ದಳು.

ಅವನು ಕಿಟಕಿಯ ಬಳಿ ನಿಂತು ಪ್ರಾರ್ಥನೆ ಹೇಳಿಕೊಳ್ಳುತ್ತಿದ್ದ. ಎರಡನೆಯ ಸಾಲಿನಲ್ಲಿ ಮತ್ತೆ ತಡವರಿಸಿದ. ರಾತ್ರಿಯಿಡೀ ರೆಪ್ಪೆಗೆ ರೆಪ್ಪೆ ಹತ್ತಿರಲಿಲ್ಲ. ಹಾಗಿರುವಾಗ ದೇವರ ಮಾತು ನಾಲಿಗೆಗೆ ಬರುವುದಾದರೂ ಹೇಗೆ?

ಆ ಊರಿನ ಹಿರಿಯ ಪಾದ್ರಿಯವರ ಸುದ್ದಿ ದೇಶಕ್ಕೆಲ್ಲ ಗೊತ್ತಿತ್ತು. ಪತ್ರಿಕೆಗಳು ಬಾಯಿಗೆ ಬೀಗ ಹಾಕಿಕೊಂಡಿದ್ದರೂ ಗೊತ್ತಿತ್ತು. ಚುನಾವಣೆ ರದ್ದಾದಂದಿನಿಂದ ಅವರು ವಾರಕ್ಕೊಮ್ಮೆ ಪ್ರಾರ್ಥನೆ ಮುಗಿಸಿ, ಜನರನ್ನು ಕರೆದುಕೊಂಡು ರಾಜ್ಯಪಾಲರ ಕಚೇರಿಯತ್ತ ನಡೆಯುತ್ತಿದ್ದರು. ಘೋಷಣೆಯಿಲ್ಲ, ಬಾವುಟವಿಲ್ಲ. ಕೈ ಕೈ ಹಿಡಿದು ನಡೆಯುವುದು, ಅಷ್ಟೇ. ಬೇರೆ ಊರುಗಳಿಂದಲೂ ನಿಲುವಂಗಿ ತೊಟ್ಟವರು ಒಬ್ಬೊಬ್ಬರಾಗಿ ಬಂದು ಮುಂದಿನ ಸಾಲು ಸೇರುತ್ತಿದ್ದರು. ಇವತ್ತು ಇವನ ಸರದಿ.

"ಜೇಬಲ್ಲಿರೋದನ್ನಾದ್ರೂ ಇಲ್ಲೇ ಬಿಟ್ಟು ಹೋಗಿ," ಎಂದಳು.

"ಅದಿಲ್ಲದೆ ಅಲ್ಲಿಗೆ ಹೋಗಿ ಏನು ಮಾಡಲಿ?"

"ನಿಮ್ಮಮ್ಮ ಬದುಕಿದ್ದಿದ್ರೆ ಕಳಿಸ್ತಿದ್ರಾ ನಿಮ್ಮನ್ನ?"

"ಈಗ ನಾನು ಹಿಂದೆ ಸರಿದ್ರೆ ನಾಳೆ ನಿನ್ನ ಗತಿ ಏನು, ಅದನ್ನ ಯೋಚನೆ ಮಾಡಿದೀಯಾ?"

ಅವಳು ನಿಲುವಂಗಿಯನ್ನು ಮಡಿಸಿ, ಅಕ್ಕಪಕ್ಕದ ಮನೆಯವರ ಕಣ್ಣಿಗೆ ಬೀಳದಂತೆ ಚೀಲದ ತಳಕ್ಕೆ ತುರುಕಿದಳು. ಅವನು ಮಲಗಿದ್ದ ಮಗಳ ಹಣೆ ಮುಟ್ಟಿ, ಬೂಟಿನ ಲೇಸು ಬಿಗಿದು ಹೊರಟ. ಹೆಂಡತಿ ಬಾಗಿಲವರೆಗೂ ಬರಲಿಲ್ಲ. ಬಸ್ಸಿಳಿದ ಮೇಲೆ ಅವನು ನಿಲ್ದಾಣದ ಮರೆಯಲ್ಲಿ ನಿಲುವಂಗಿ ತೊಟ್ಟು ಚರ್ಚಿನತ್ತ ನಡೆದ.

ಚರ್ಚಿನ ಮುಂದಿನ ಬೀದಿಯಲ್ಲಿ ಹೆಂಗಸರು ಪೊರಕೆ ಹಿಡಿದಿದ್ದರು. ಒಂದು ಹರಳೂ ಉಳಿಯದಂತೆ ಗುಡಿಸಿ, ಬುಟ್ಟಿಗೆ ತುಂಬಿ ಒಯ್ಯುತ್ತಿದ್ದರು. ಯಾರಿಗಾದರೂ ಸಿಟ್ಟು ನೆತ್ತಿಗೇರಿದರೆ ಕೈಗೆ ಏನೂ ಸಿಗಬಾರದು ಎಂಬುದು ಪಾದ್ರಿಯವರ ಕಟ್ಟಪ್ಪಣೆ.

ಅವರು ಮೆಟ್ಟಿಲ ಮೇಲೆಯೇ ನಿಂತಿದ್ದರು. ಗಿಡ್ಡ ಮನುಷ್ಯ. ಕನ್ನಡಕದ ಒಂದು ಗಾಜು ಬಿರುಕು ಬಿಟ್ಟಿತ್ತು. ಇವನ ಮುಖ ನೋಡಿದರು, ಕಾಲು ನೋಡಿದರು, ಮತ್ತೆ ಮುಖ ನೋಡಿದರು.

"ಬನ್ನಿ, ಬನ್ನಿ. ಈ ವಾರ ಯಾರೂ ಬರಲಿಲ್ಲವಲ್ಲ ಅಂದ್ಕೊಳ್ತಿದ್ದೆ. ಹೊಸಬರಿಗೆ ನನ್ನ ಎಡಗಡೆ ಜಾಗ."

ಎಲ್ಲಿಂದ ಬಂದಿರಿ ಎಂದು ಅವರು ಕೇಳಲಿಲ್ಲ. ಕೇಳಿದರೆ ಹೇಳಬೇಕಾದ ಉತ್ತರವನ್ನು ಅವನು ದಾರಿಯುದ್ದಕ್ಕೂ ಉರು ಹೊಡೆದಿದ್ದ. ಈಗ ಅದು ಬಾಯಲ್ಲೇ ಉಳಿಯಿತು. ಪಾದ್ರಿಯವರು ಅವನ ಬಲಗೈ ಹಿಡಿದರು. ಈಚೆ ನಿಂತಿದ್ದ ನಿಲುವಂಗಿಯ ಎತ್ತರದ ಆಸಾಮಿ ಎಡಗೈ ಹಿಡಿದ. ಮೆರವಣಿಗೆ ಹೊರಟಿತು.

ಅಂಚೆ ಕಚೇರಿಯ ತಿರುವಿನಲ್ಲಿ ಸೈನಿಕರು ರಸ್ತೆಗಡ್ಡ ನಿಂತಿದ್ದರು. ಬಂದೂಕುಗಳು ಎದೆಯ ಮಟ್ಟಕ್ಕೆ ಬಂದಿದ್ದವು. ಬಂದೂಕಿನ ಹಿಂದಿದ್ದ ಮುಖಗಳಲ್ಲೂ ಬೆವರು. ಹಿಂದಿನ ಸಾಲಿನಲ್ಲಿ ಯಾವುದೋ ಮಗು ಅಳತೊಡಗಿತು.

ಅಂಚೆ ಕಚೇರಿಯ ಮಹಡಿಯಲ್ಲಿ ಅಧಿಕಾರಿಯೊಬ್ಬ ಟೋಪಿ ತೆಗೆದು ತಲೆ ಒರೆಸಿಕೊಂಡ.

ಅದೇ ಸನ್ನೆ. ಟೋಪಿ ತೆಗೆದ ಕೂಡಲೇ ಇವನು ತನ್ನ ಜೇಬಿನ ಕಲ್ಲನ್ನು ಸೈನಿಕರ ಮೇಲೆ ಬೀಸಬೇಕು. ಕಲ್ಲು ಬಿದ್ದರೆ ಗುಂಡು ಹಾರಿಸಲು ಅವರಿಗೆ ಅಪ್ಪಣೆಯಾಗಿತ್ತು. "ಮೊದಲ ಕಲ್ಲು ಪಾದ್ರಿ ವೇಷದವನ ಕೈಯಿಂದ ಬಂದ್ರೆ ನಮ್ಮ ಕಡೆ ಯಾರೂ ಬೆರಳು ತೋರಿಸಲ್ಲ, ಕಾನ್‌ಸ್ಟೇಬಲ್," ಎಂದಿದ್ದ ಇವನ ಠಾಣೆಯ ಸಾಹೇಬ. ಇದಕ್ಕೂ ಮುಂಚೆ ಬೇರೆ ಬೇರೆ ಠಾಣೆಗಳಿಂದ ಹೋದವರನ್ನೆಲ್ಲ ಆ ಮುದುಕನೇ ಮುಗಿಸಿರಬೇಕು ಎಂದೂ ಹೇಳಿದ್ದ. ನೀನು ಕೈಕೊಟ್ಟರೆ ನಿನ್ನ ಹೆಂಡತಿಯನ್ನು ವಿಚಾರಣೆಗೆ ಕರೆಸುತ್ತೇನೆ ಎಂದು ಕೊನೆಯಲ್ಲಿ ನಗುತ್ತಾ ಸೇರಿಸಿದ್ದ.

ಅವನು ಬಲಗೈ ಎಳೆದುಕೊಳ್ಳಲು ನೋಡಿದ. ಬರಲಿಲ್ಲ. ಆ ಗಿಡ್ಡ ಮುದುಕನ ಬೆರಳುಗಳಲ್ಲಿ ಅಷ್ಟು ಬಲ ಎಲ್ಲಿತ್ತೋ! ಎಡಗೈ ಜಗ್ಗಿದ. ಅದೂ ಅಲುಗಲಿಲ್ಲ. ಮಹಡಿಯ ಮೇಲಿನವನು ಟೋಪಿ ಹಾಕಿಕೊಂಡು ಮತ್ತೊಮ್ಮೆ ತೆಗೆದ.

"ಬಿಡಿ ಅಯ್ಯಾ," ಎಂದ. "ನಿಮಗೆ ಗೊತ್ತಿಲ್ಲ. ಮನೇಲಿ ಹೆಂಡತಿ ಇದಾಳೆ, ಮಗು ಇದೆ."

"ಗೊತ್ತಪ್ಪ," ಎಂದರು ಪಾದ್ರಿಯವರು, ಕಣ್ಣನ್ನು ಬಂದೂಕುಗಳಿಂದ ಕದಲಿಸದೆ. "ಮೆಟ್ಟಿಲ ಹತ್ರ ನಿನ್ನ ಪೊಲೀಸ್ ಬೂಟು ನೋಡಿದಾಗಲೇ ಜೇಬಲ್ಲಿ ಏನಿದೆ ಅಂತಾನೂ ಗೊತ್ತಾಯ್ತು. ನೀನು ಇಳಿದ ಬಸ್ಸು ಯಾವ ಊರಿನದು ಅಂತ ನೋಡ್ಕೊಂಡು, ನಿನ್ನ ಹೆಂಡತಿ ಮಗೂನ ಕರ್ಕೊಂಡು ಬರೋಕೆ ಆಗಲೇ ನಮ್ಮವರು ಹೊರಟಿದಾರೆ. ನಿಮ್ಮ ಸಾಹೇಬನಿಗಿಂತ ಮೊದಲು ಅವರು ಮನೆ ಮುಟ್ಟಿದ್ರೆ ನಮ್ಮ ಪುಣ್ಯ. ಮುಟ್ತಾರೆ ಅಂತ ಸುಳ್ಳು ಭರವಸೆ ಕೊಡಲ್ಲ. ಹೆಜ್ಜೆ ಹಾಕು ಮಗನೇ."

ಅವನ ಕಣ್ಣು ಕತ್ತಲಿಟ್ಟಿತು. ಕಾಲು ಮಾತ್ರ ಹೇಗೋ ಮುಂದೆ ಸಾಗಿತು.

"ನನಗೂ ಕಲ್ಲೇ ಕೊಟ್ಟಿದ್ರು," ಎಂದ ಎಡಗೈ ಹಿಡಿದಿದ್ದವನು, ಮೆಲ್ಲಗೆ.

"ನನಗೂ," ಎಂದ ಅವನಾಚೆಗಿನವನು.

"ನನಗೂ," ಎಂದಿತು ಇನ್ನೂ ಆಚೆಯ ದನಿ.

ಆ ಸಾಲಿನಲ್ಲಿ ನಿಜವಾದ ಪಾದ್ರಿ ಎಂದು ಇದ್ದವರು ಮುದುಕರೊಬ್ಬರೇ.